ಅಂಗಳದ ಪಾಚಿ

ಮೃಗಶಿರೆಯಲ್ಲಿ ಹಿಡಿದ ಮಳೆ ಆರಿದ್ರೆಯಲ್ಲಿ ಬಲಿತು, ಪುನರ್ವಸು, ಪುಷ್ಯಗಳ ವೇಳೆಗೆ ನಮ್ಮ ಗುಡ್ಡಗಳನ್ನು ಸಂಪೂರ್ಣವಾಗಿ ತನ್ನ ವಶಕ್ಕೆ ತೆಗೆದುಕೊಳ್ಳುತ್ತದೆ. ಮುಳ್ಳಯ್ಯನಗಿರಿ ದಿನಗಟ್ಟಲೆ ಮೋಡದ ಮರೆಯಲ್ಲಿರುತ್ತದೆ. ಕಳಸದ ಕಡೆ ಭದ್ರೆ ತುಂಬಿ ಹರಿದು, ಹೊರನಾಡಿಗೆ ಹೋಗುವ ದಾರಿಯ ಹೆಬ್ಬಾಳೆ ಸೇತುವೆ ಮುಳುಗಿದ ಮಳೆಗಾಲಗಳು ಅನೇಕ. 2019ರ ಆಗಸ್ಟ್ ತಿಂಗಳಲ್ಲಿ ಮೂಡಿಗೆರೆ ಸೀಮೆಯ ಗುಡ್ಡಗಳು ಕುಸಿದುದನ್ನೂ ಚಾರ್ಮಾಡಿ ಘಾಟಿಯ ಸಂಚಾರ ನಿಂತುದನ್ನೂ ನಾವು ಮರೆತಿಲ್ಲ. ಇಂಥ ದೊಡ್ಡ ಅನಾಹುತಗಳು ಪತ್ರಿಕೆಗಳಲ್ಲಿ ಬರುತ್ತವೆ. ಮಳೆಗಾಲದ ಇನ್ನೊಂದು ಅನಾಹುತ ಯಾವ ಪತ್ರಿಕೆಯಲ್ಲಿಯೂ ಬರುವುದಿಲ್ಲ. ಏಕೆಂದರೆ ಅದು ನಡೆಯುವುದು ನಮ್ಮದೇ ಬಾಗಿಲಿನಿಂದ ಹತ್ತು ಹೆಜ್ಜೆಯ ದೂರದಲ್ಲಿ. ಈ ಸಂಚಿಕೆಯಲ್ಲಿ ಆ ಹತ್ತು ಹೆಜ್ಜೆಗಳ ವಿಷಯವನ್ನೇ ಓದುಗ ಬಂಧುಗಳ ಮುಂದಿಡಬೇಕೆಂದಿದ್ದೇನೆ.

ನಮ್ಮ ಮನೆಯ ಅಂಗಳ ಮೊದಲು ಮಣ್ಣಿನದಾಗಿತ್ತು. ಮಳೆ ಹಿಡಿಯುವ ಮುನ್ನ, ಬಾಗಿಲಿನಿಂದ ಕೊಟ್ಟಿಗೆಯವರೆಗೆ ಅಡಿಕೆಮರ ಸೀಳಿದ ದಬ್ಬೆಗಳನ್ನು ಅಡ್ಡಲಾಗಿ ಜೋಡಿಸುವುದು, ಉಳಿದೆಡೆ ಸೋಗೆ ಹರಡುವುದು ತಂದೆಯವರ ಕಾಲದ ಕ್ರಮ. ಕಾಫಿ ಒಣಗಿಸಲು ಅನುಕೂಲವೆಂದು ಸಿಮೆಂಟು ಹಾಕಿಸಿದ ಮೇಲೆ, ಕೆಸರೇ ಇಲ್ಲದ ಅಂಗಳಕ್ಕೆ ದಬ್ಬೆಯೇಕೆಂದು ಆ ಕ್ರಮವನ್ನು ನಿಲ್ಲಿಸಿದವನು ನಾನೇ. ಎರಡನೆಯ ವರ್ಷದ ಪುನರ್ವಸು ಮಳೆಯಲ್ಲಿ, ಬೆಳಗಿನ ಪೂಜೆಗೆ ಹೂವು ತರಲು ಹೊರಟ ನಮ್ಮ ತಾಯಿಯವರು ಅಂಗಳದ ಮೂಲೆಯಲ್ಲಿ ಜಾರಿ ಬಿದ್ದರು. ತೊಡೆಯ ಮೂಳೆ ಸೊಂಟದ ಕೀಲಿನ ಬಳಿ ಮುರಿದಿತ್ತು. ಶಸ್ತ್ರಚಿಕಿತ್ಸೆಯಾಯಿತು, ಕೆಲವು ತಿಂಗಳುಗಳಲ್ಲಿ ಕೋಲೂರಿ ನಡೆದರು. ಆದರೆ ಆ ಅಂಗಳವನ್ನು ಮತ್ತೆಂದೂ ಒಬ್ಬರೇ ದಾಟಲಿಲ್ಲ. "ಹೂವನ್ನು ಯಾರಾದರೂ ತಂದಾರು, ಗಿಡದ ಬಳಿ ನಿಲ್ಲುವ ಸುಖವನ್ನು ಯಾರು ತಂದುಕೊಟ್ಟಾರು?" ಎಂದು ಅವರೊಮ್ಮೆ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ.

ಅದಕ್ಕೆ ಹದಿನೈದು ದಿನಗಳ ಹಿಂದೆಯೂ ಅವರು ಅಲ್ಲಿಯೇ ಜಾರಿದ್ದರಂತೆ. ಕೊಟ್ಟಿಗೆ ಕೆಲಸದ ಹೆಣ್ಣುಮಗಳು ಕೈಹಿಡಿದು ಎಬ್ಬಿಸಿದ್ದಳು. ಮನೆಯಲ್ಲಿ ಹೇಳಬೇಡವೆಂದು ಅವಳಿಂದ ಮಾತು ತೆಗೆದುಕೊಂಡಿದ್ದರು. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲವೆಂಬ ಗಾದೆಗೆ ನಾವು ನಗುತ್ತೇವೆ. ಹಿರಿಯರು ಬಿದ್ದುದನ್ನು ಮುಚ್ಚಿಡುವುದು ಜಂಬದಿಂದಲ್ಲ. ನಾಳೆಯಿಂದ ಹೊರಗೆ ಬಿಡಲಾರರೆಂಬ ಅಂಜಿಕೆಯಿಂದ. ಈ ಅಂಜಿಕೆಯನ್ನು ಹೋಗಲಾಡಿಸುವುದು ಕಿರಿಯರ ಮೊದಲ ಕರ್ತವ್ಯ.

ಪಾಚಿ ಜಾರುವುದೇಕೆ? ಬಿಸಿಲು ತಾಗದೆ ತೇವ ಆರದೆಡೆಯಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಜೀವಿಗಳು ಬೆಳೆದು, ಲೋಳೆಯಂಥ ಪದರವನ್ನು ಕಟ್ಟುತ್ತವೆ. ಪಾದಕ್ಕೂ ನೆಲಕ್ಕೂ ನಡುವೆ ಆ ಲೋಳೆಯೂ ನೀರೂ ನಿಂತು ಹಿಡಿತ ತಪ್ಪುತ್ತದೆ. ಶೀತದೇಶಗಳಲ್ಲಿ ನೆಲೆಸಿರುವ ನಮ್ಮವರಿಗೂ ಇಂಥದೇ ಸಂಕಟವುಂಟು. ಅಲ್ಲಿ ಕೆಲವೊಮ್ಮೆ ಮಳೆ ನೀರಾಗಿಯೇ ಬಿದ್ದು, ನೆಲ ತಾಗಿದೊಡನೆ ಗಾಜಿನಂತೆ ಹೆಪ್ಪುಗಟ್ಟುತ್ತದೆ. 1998ರ ಜನವರಿಯಲ್ಲಿ ಕೆನಡಾದ ಪೂರ್ವಭಾಗದಲ್ಲಿ ಇಂಥ ಮಳೆ ದಿನಗಟ್ಟಲೆ ಸುರಿದು, ಲಕ್ಷಾಂತರ ಮನೆಗಳು ವಿದ್ಯುತ್ತಿಲ್ಲದೆ ಕತ್ತಲಾದವು. ಉಪ್ಪು ಬೆರೆತ ನೀರು ಸುಲಭವಾಗಿ ಹೆಪ್ಪುಗಟ್ಟದಾದ್ದರಿಂದ ಅವರು ಮನೆಯ ಮುಂದೆ ಉಪ್ಪು ಎರಚುತ್ತಾರೆ, ಹಿಡಿತಕ್ಕೆ ಮರಳು ಹರಡುತ್ತಾರೆ. ನಮ್ಮ ಪಾಚಿಗೆ ಉಪ್ಪು ಮದ್ದಲ್ಲ; ಅದು ಹರಿದುಹೋಗಿ ಗಿಡದ ಬೇರಿಗೆ ಕೆಡುಕು ಮಾಡೀತು. ಆದರೆ ಕಾಲಿಡುವ ಮುನ್ನ ನೆಲವನ್ನು ಸಿದ್ಧಪಡಿಸಬೇಕೆಂಬ ಅವರ ಶಿಸ್ತು ನಮಗೂ ಅನುಕರಣೀಯ.

ಹಾಗಾದರೆ ಮಾಡಬೇಕಾದುದೇನು? ಮಳೆಗೆ ಮುನ್ನವೇ ಅಂಗಳದ ಮೇಲೆ ಬಾಗಿದ ಕೊಂಬೆಗಳನ್ನು ಸವರಿ ಬೆಳಕು ಬಿಡಬೇಕು. ಸೂರಿನ ನೀರು ನಡೆಯುವ ದಾರಿಗೆ ಬೀಳದಂತೆ ಕಾಲುವೆ ತೆಗೆಯಬೇಕು. ಮಳೆ ಹೊಳವಾದ ದಿನ, ಒಂದು ಬಕೆಟ್ ನೀರಿಗೆ ಸಣ್ಣ ಲೋಟದಷ್ಟು ಬ್ಲೀಚಿಂಗ್ ಪುಡಿ ಕಲಸಿ ಪಾಚಿಯ ಮೇಲೆ ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಗಟ್ಟಿ ಪೊರಕೆಯಿಂದ ಉಜ್ಜಿ ತೊಳೆಯಬೇಕು. ಕೈಗೆ ರಬ್ಬರ್ ಚೀಲ ಇರಲಿ. ಬಾವಿ, ಹಳ್ಳಗಳಿಗೆ ಆ ನೀರು ಸೇರದಿರಲಿ. ಇದರೊಡನೆ ಆಸಿಡ್ ಅಥವಾ ಶೌಚಾಲಯ ತೊಳೆಯುವ ದ್ರವವನ್ನು ಎಂದಿಗೂ ಬೆರೆಸಬಾರದು. ಉಸಿರು ಕಟ್ಟಿಸುವ ವಿಷಾನಿಲ ಏಳುತ್ತದೆ. ತೋಟಕ್ಕೆ ತಂದ ಮೈಲುತುತ್ತವೂ ಪಾಚಿಯನ್ನು ಕೊಲ್ಲುತ್ತದೆ, ಆದರೆ ಅದು ಹಳ್ಳ ಸೇರಿದರೆ ಮೀನುಗಳನ್ನೂ ಕೊಲ್ಲುತ್ತದೆ. ಅಂಗಳಕ್ಕೆ ಅದು ಬೇಡ.

ಹೊಸದಾಗಿ ಸಿಮೆಂಟು ಹಾಕಿಸುವವರು ನಡೆದಾಡುವಷ್ಟು ಜಾಗವನ್ನಾದರೂ ನುಣುಪು ಮಾಡಿಸದೆ, ಹಸಿಯಿರುವಾಗಲೇ ಗೀರು ಹಾಕಿಸಲಿ. ಜೀಪು ಏರುವ ಇಳಿಜಾರಿಗೂ ಇದೇ ಮಾತು. ದಬ್ಬೆ ಹಾಸುವವರು ಅದು ಅಲುಗದಂತೆ ಗೂಟ ಹೊಡೆದು, ಸವೆದುದನ್ನು ವರ್ಷವರ್ಷ ಬದಲಿಸಲಿ. ಮೆಟ್ಟಿಲ ಬದಿಗೊಂದು ಬಿದಿರಿನ ಆಸರೆ, ಮುಂಜಾವಿಗೊಂದು ದೀಪ, ಅಡಿ ಸವೆಯದ ಪಾದರಕ್ಷೆ, ಇವು ಹೆಚ್ಚು ಖರ್ಚಿನವಲ್ಲ.

ಇಷ್ಟಾಗಿಯೂ ಯಾರಾದರೂ ಬಿದ್ದರೆ ಗಾಬರಿಯಿಂದ ಎಳೆದೆಬ್ಬಿಸಬೇಡಿ. ಎದ್ದು ನಿಲ್ಲಲಾಗದಿದ್ದರೆ, ಒಂದು ಕಾಲು ಗಿಡ್ಡವಾದಂತೆ ಕಂಡು ಪಾದ ಹೊರಕ್ಕೆ ತಿರುಗಿದ್ದರೆ, ಮೂಳೆ ಮುರಿದಿದೆಯೆಂದೇ ತಿಳಿಯಬೇಕು. ಎಣ್ಣೆ ನೀವುವುದು, ಕಾಲು ಜಗ್ಗುವುದು ಸಲ್ಲದು. ಕಂಬಳಿ ಹೊದಿಸಿ, ಕಾಲುಗಳ ನಡುವೆ ದಿಂಬಿಟ್ಟು ಅಲುಗದಂತೆ ನೋಡಿಕೊಂಡು, 108ಕ್ಕೆ ತಿಳಿಸಬೇಕು. ವಾಹನ ಬಾರದೆಡೆ ಹಲಗೆಯ ಮೇಲೆ ಮಲಗಿಸಿ ಸಾಗಿಸಬೇಕು. ತಲೆಗೆ ಪೆಟ್ಟಾಗಿದ್ದರೆ, ವಿಶೇಷವಾಗಿ ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರಾಗಿದ್ದರೆ, ನೋವಿಲ್ಲವೆಂದರೂ ವೈದ್ಯರಿಗೆ ತೋರಿಸಲೇಬೇಕು.

ಕೊನೆಯದಾಗಿ ಒಂದು ಮಾತು. ನಮ್ಮ ಅಂಗಳವನ್ನು ಬೆಳಗ್ಗೆ ಮೊದಲು ತುಳಿಯುವವರು ನಾವಲ್ಲ. ಹಾಲು ಕರೆಯಲು, ಹುಲ್ಲಿನ ಹೊರೆ ಹೊತ್ತು, ಮಸುಕಿನಲ್ಲೇ ಬರುವ ಕೆಲಸದವರು. ಅವರ ಸಾಲುಮನೆಯಿಂದ ನಮ್ಮ ಕೊಟ್ಟಿಗೆಯವರೆಗಿನ ದಾರಿಯೂ ನಮ್ಮ ಅಂಗಳವೇ. ನಮ್ಮ ಬಾಗಿಲಿಗಷ್ಟೇ ದಬ್ಬೆ ಹಾಸಿ ಅವರ ದಾರಿಯನ್ನು ಪಾಚಿಗೆ ಬಿಟ್ಟರೆ ಅದು ಅರ್ಧ ಕೆಲಸ. ಹನ್ನೆರಡನೆಯ ಶತಮಾನದ ಶರಣೆ ಸತ್ಯಕ್ಕನ ಕಾಯಕ ಭಕ್ತರ ಮನೆಯಂಗಳವನ್ನು ಗುಡಿಸುವುದಾಗಿತ್ತು. ಇನ್ನೊಬ್ಬರು ಕಾಲಿಡುವ ನೆಲವನ್ನು ಹಸನಾಗಿಡುವುದು ಕೀಳು ಕೆಲಸವಲ್ಲವೆಂಬುದಕ್ಕೆ ಆ ತಾಯಿಯ ಬದುಕೇ ಸಾಕ್ಷಿ.

ಈಗ ನಮ್ಮ ಅಂಗಳದಲ್ಲಿ ಸಿಮೆಂಟಿನ ಮೇಲೆಯೇ ದಬ್ಬೆಗಳಿವೆ. ಕೆಳಗಿನ ದಾರಿಯಲ್ಲಿಯೂ ಇವೆ. ತಾಯಿಯವರು ಇಲ್ಲ. ಹೂವಿನ ಗಿಡದವರೆಗೆ ಹಾಸಿದ ಕೊನೆಯ ನಾಲ್ಕು ದಬ್ಬೆಗಳನ್ನು ಪ್ರತಿವರ್ಷ ನಾನೇ ಬದಲಿಸುತ್ತೇನೆ. ತಮ್ಮ ಮನೆಗಳಲ್ಲಿ ಈ ಕೆಲಸ ಹಿರಿಯರು ಇರುವಾಗಲೇ ಆಗಲಿ.