ಮಲೇಬೆನ್ನೂರಿನ ಕಾದಂಬರಿಕಾರ, ಮಿಲ್ಲಿನೂರಿನ ಕಥೆಗಳು

ತ.ರಾ. ಸುಬ್ಬರಾವ್ ಎಂದೊಡನೆ ಚಿತ್ರದುರ್ಗದ ಕೋಟೆ ಕಣ್ಣಿಗೆ ಕಟ್ಟುತ್ತದೆ. ಆದರೆ ತರಾಸು ಹುಟ್ಟಿದ್ದು 1920ರಲ್ಲಿ, ಹರಿಹರ ತಾಲ್ಲೂಕಿನ ಮಲೇಬೆನ್ನೂರಿನಲ್ಲಿ. 1985ರಲ್ಲಿ ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವ ಹೊತ್ತಿಗೆ ಅವರು ತೀರಿಕೊಂಡು ವರ್ಷವಾಗಿತ್ತು. ದಾವಣಗೆರೆ ಜಿಲ್ಲೆಯ ಹೊಸ ಕಥೆಗಾರರು ಈ ಹಿರಿಯರಿಂದ ಪಡೆಯಬೇಕಾದದ್ದು ಪಾಳೆಯಗಾರರ ವೈಭವವನ್ನಲ್ಲ, ಊರಿನ ಮಾತಿಗೆ ಕಿವಿಗೊಡುವ ಗುಣವನ್ನು.

‘ಹಂಸಗೀತೆ’ಯ ಭೈರವಿ ವೆಂಕಟಸುಬ್ಬಯ್ಯನನ್ನೇ ನೋಡಿ. ದುರ್ಗದ ಜನರ ಬಾಯಲ್ಲಿ ಉಳಿದಿದ್ದ ಸಂಗೀತಗಾರನೊಬ್ಬನ ನೆನಪು ತರಾಸು ಕೈಯಲ್ಲಿ ಕಾದಂಬರಿಯಾಯಿತು, 1956ರಲ್ಲಿ ಹಿಂದಿಯ ‘ಬಸಂತ್ ಬಹಾರ್’ ಆಯಿತು, 1975ರಲ್ಲಿ ಜಿ.ವಿ. ಅಯ್ಯರ್ ಅವರ ಕನ್ನಡ ಚಿತ್ರವಾಯಿತು. ‘ನಾಗರಹಾವು’ ಕಾದಂಬರಿಯ ರಾಮಾಚಾರಿಯಂತೂ ಅದೇ ಊರಿನ ಮಡಿವಂತ ಮನೆಯ ಹುಡುಗ. ಅಂಥ ಹುಡುಗರು ಎಲ್ಲ ಊರಲ್ಲೂ ಇದ್ದರು. ಅವನ ಸಿಟ್ಟಿನ ಹಿಂದಿನ ಸಂಕಟ ಕಂಡದ್ದು ತರಾಸು ಅವರಿಗೆ.

ಹಾಗೆಂದು ಕಂಡದ್ದನ್ನು ಕಂಡಂತೆ ಬರೆದರೆ ಕಥೆಯಾಗುವುದಿಲ್ಲ, ಅಲ್ಲಿ ಕಲ್ಪನೆ ಕೈಹಾಕಲೇಬೇಕು. ಹರಿಹರದ ಸ್ಥಳಪುರಾಣ ಕಟ್ಟಿದವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಹರಿಯಿಂದಲೂ ಸಾವಿಲ್ಲ, ಹರನಿಂದಲೂ ಸಾವಿಲ್ಲ ಎಂದು ಗುಹಾಸುರನಿಗೆ ವರ ಕೊಡಿಸಿ ಬಿಡಿಸಲಾಗದ ಗಂಟು ಹಾಕಿದರು. ಆಮೇಲೆ ಇಬ್ಬರು ದೇವರನ್ನೂ ಒಂದೇ ಮೈಯಲ್ಲಿ ಇಳಿಸಿ ಆ ಗಂಟನ್ನು ಬಿಚ್ಚಿದರು. ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಗುಡಿ ಕಟ್ಟಿಸಿದ್ದು ಈ ಮೂರ್ತಿಗೇ. ಶೈವ-ವೈಷ್ಣವರ ನಿಜವಾದ ಜಗಳ ಬೆನ್ನಿಗಿರದಿದ್ದರೆ ಈ ಕಥೆಗೆ ಇಷ್ಟು ಬಲ ಬರುತ್ತಿರಲಿಲ್ಲ.

ಇಂಥ ನೆಲದಲ್ಲಿ ಕುಳಿತ ಹುಡುಗ ಹುಡುಗಿಯರು ತಮ್ಮ ಊರಲ್ಲಿ ಬರೆಯುವಂಥದ್ದು ಏನಿದೆ ಎಂದು ಕೇಳಿದರೆ ಬೇಸರವಾಗುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಿಗೆ ಒಮ್ಮೆ ಹೋಗಿ ಬರಲಿ. ಕಾದ ಮರಳಿಗೆ ಅಕ್ಕಿ ಬಿದ್ದು ಅರಳುವುದು ಕ್ಷಣದ ಕೆಲಸ, ಅದಕ್ಕಾಗಿ ಬೆಂಕಿಯ ಮುಂದೆ ಬೇಯುವುದು ಮನೆಮಂದಿಯ ಇಡೀ ದಿನ. ಆ ಹೊಗೆಯಲ್ಲೇ ಮಕ್ಕಳು ಓದುತ್ತವೆ, ಅಲ್ಲೇ ಮದುವೆ ಮಾತುಕತೆ ನಡೆಯುತ್ತದೆ, ಸಾಲದ ಲೆಕ್ಕವೂ ಆಗುತ್ತದೆ. ಸಂಜೆ ಮಂಡಕ್ಕಿ-ಮೆಣಸಿನಕಾಯಿ ತಿನ್ನುವ ಊರಿಗೆ ಆ ಬದುಕು ಗೊತ್ತಾಗಬೇಕಾದರೆ ವರದಿ ಸಾಲದು, ಕಾದಂಬರಿ ಬೇಕು.

ಹತ್ತಿ ಮಿಲ್ಲುಗಳ ಕಥೆ ಇನ್ನೂ ದೊಡ್ಡದು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿಕೊಂಡ ಈ ಊರು ಕಾರ್ಮಿಕ ನಾಯಕ ಪಂಪಾಪತಿಯವರನ್ನು ಕಮ್ಯುನಿಸ್ಟ್ ಪಕ್ಷದಿಂದ 1978, 1983 ಮತ್ತು 1985ರಲ್ಲಿ ವಿಧಾನಸಭೆಗೆ ಕಳಿಸಿತ್ತು. ಆಮೇಲೆ ಮಿಲ್ಲುಗಳು ಒಂದೊಂದಾಗಿ ಮುಚ್ಚಿದವು. ಹರಿಹರದಲ್ಲಿ 1941ರಲ್ಲಿ ಶುರುವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯೂ ಬಾಗಿಲು ಹಾಕಿತು. ಸೈರನ್ ನಿಂತ ಮೇಲೆ ಆ ಮನೆಗಳಲ್ಲಿ ಬೆಳಗು ಹೇಗಾಯಿತು? ಪಾಳಿ ಮುಗಿಸಿ ಬರುತ್ತಿದ್ದ ಅಪ್ಪ ಹಗಲೆಲ್ಲ ಮನೆಯಲ್ಲೇ ಕುಳಿತಾಗ ಅವ್ವನ ಮಾತು ಹೇಗೆ ಬದಲಾಯಿತು? ಇವಕ್ಕೆ ಉತ್ತರ ಯಾವ ಕಡತದಲ್ಲೂ ಸಿಗದು.

ಕಯ್ಯೂರಿನ ರೈತರ ಹೋರಾಟವನ್ನು ನಿರಂಜನರು ‘ಚಿರಸ್ಮರಣೆ’ ಕಾದಂಬರಿಯಾಗಿ ಬರೆದದ್ದು ನಾಲ್ವರು ಗಲ್ಲಿಗೇರಿ ಒಂದು ದಶಕ ಕಳೆದ ಮೇಲೆ, ನೆನಪುಗಳು ಇನ್ನೂ ಬಿಸಿಯಿದ್ದಾಗ. ದಾವಣಗೆರೆಗೆ ಅಷ್ಟು ಸಮಯವಿಲ್ಲ. ಮಿಲ್ಲಿನಲ್ಲಿ ದುಡಿದವರು ಈಗ ಮುದುಕರು. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯ ಕನ್ನಡ ವಿದ್ಯಾರ್ಥಿಗಳನ್ನು ಅವರ ಮನೆಗಳಿಗೆ, ಭಟ್ಟಿಗಳಿಗೆ ಕಳಿಸಿ ಅವರ ಮಾತನ್ನು ಅವರದೇ ದನಿಯಲ್ಲಿ ದಾಖಲಿಸಿಡಲಿ. ಈ ವರ್ಷವೇ ಶುರುವಾಗಲಿ.