ಗೊತ್ತಿರಲಿಲ್ಲ ಎನ್ನುವ ಮಾಲೀಕ, ಬೀಗ ಜಡಿಯುವ ಮಾಲೀಕ

2021ರ ಏಪ್ರಿಲ್‌ನಲ್ಲಿ, ಕೋವಿಡ್ ಎರಡನೇ ಅಲೆ ಏರುತ್ತಿದ್ದಾಗ, ಆಲೂರು ತಾಲ್ಲೂಕಿನ ಹೊಂಗರವಳ್ಳಿಯ ಎಸ್ಟೇಟೊಂದರ ಮೇಲೆ ಹಾಸನ ಪೊಲೀಸರು ರಾತ್ರಿ ದಾಳಿ ಮಾಡಿದರು. ರೇವ್ ಪಾರ್ಟಿಯಲ್ಲಿದ್ದ ನೂರಕ್ಕೂ ಹೆಚ್ಚು ಯುವಕ ಯುವತಿಯರನ್ನು ವಶಕ್ಕೆ ಪಡೆದರು. ಯಾರ ಮಕ್ಕಳು, ಯಾವ ಊರಿನವರು, ಏನೇನು ಸಿಕ್ಕಿತು ಎಂಬ ಗದ್ದಲದಲ್ಲಿ ಜಾಗ ಕೊಟ್ಟವರ ಹೊಣೆ ಎಷ್ಟು ಎಂಬ ಚರ್ಚೆ ನಡೆಯಲೇ ಇಲ್ಲ. ಸಕಲೇಶಪುರ, ಆಲೂರು ಭಾಗದಲ್ಲಿ ಮನೆ, ಬಂಗಲೆ, ಟೆಂಟು ಹಾಕುವ ಬಯಲು ಎಲ್ಲವೂ ಬಾಡಿಗೆಗೆ ಹೋಗುತ್ತಿರುವ ಈ ಕಾಲದಲ್ಲಿ ಆ ಚರ್ಚೆಯೇ ಮುಖ್ಯ.

ಮಾದಕವಸ್ತುಗಳ ಕುರಿತ 1985ರ ಎನ್‌ಡಿಪಿಎಸ್ ಕಾಯ್ದೆಯ 25ನೇ ಸೆಕ್ಷನ್ ಈ ವಿಷಯದಲ್ಲಿ ಕಠಿಣವಾಗಿದೆ. ಮನೆಯಾಗಲಿ, ಕೋಣೆಯಾಗಲಿ, ಬಯಲಾಗಲಿ, ಅದರ ಮಾಲೀಕ ಅಥವಾ ಅದನ್ನು ನೋಡಿಕೊಳ್ಳುವವನು ಗೊತ್ತಿದ್ದೂ ಅಲ್ಲಿ ಅಪರಾಧ ನಡೆಯಲು ಬಿಟ್ಟರೆ, ಅಪರಾಧ ಮಾಡಿದವನಿಗೆ ಎಷ್ಟು ಶಿಕ್ಷೆಯೋ ಅಷ್ಟೇ ಅವನಿಗೂ. ಆದರೆ ಅವನಿಗೆ ಗೊತ್ತಿತ್ತು ಎಂಬುದು ಸಾಬೀತಾಗಬೇಕು. ಲಾರಿಯೊಂದರಲ್ಲಿ ಮಾಲು ಸಿಕ್ಕ ಭೋಲಾ ಸಿಂಗ್ ಪ್ರಕರಣದಲ್ಲಿ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ. ಲಾರಿ ನಿನ್ನದು ಎಂದಷ್ಟಕ್ಕೇ ನೀನು ಅಪರಾಧಿಯಲ್ಲ, ಒಳಗೇನಿದೆ ಎಂದು ನಿನಗೆ ತಿಳಿದಿತ್ತು ಎನ್ನುವುದಕ್ಕೆ ಪ್ರಾಸಿಕ್ಯೂಷನ್ ಮೊದಲು ಆಧಾರ ಕೊಡಬೇಕು.

ಪ್ರಾಮಾಣಿಕ ಮಾಲೀಕನಿಗೆ ಇದು ರಕ್ಷಣೆ, ಸಂದೇಹವಿಲ್ಲ. ಮಲೆನಾಡಿನಲ್ಲಿ ಮಾತ್ರ ಇದೇ ರಕ್ಷಣೆ ಒಂದು ವ್ಯಾಪಾರದ ಮಾದರಿಯೂ ಆಗಿಬಿಟ್ಟಿದೆ. ಕಾಫಿ ಬೆಲೆ ನೆಲಕಚ್ಚಿದ್ದ ವರ್ಷಗಳಲ್ಲಿ ಮನೆಯ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಿಟ್ಟುಕೊಟ್ಟು, ಅಕ್ಕಿರೊಟ್ಟಿ ಬಡಿಸಿ, ಬ್ಯಾಂಕಿನ ಕಂತು ಕಟ್ಟಿದ ಕುಟುಂಬಗಳಿವೆ. ಹೋಂಸ್ಟೇ ಎಂದರೆ ಮೂಲದಲ್ಲಿ ಅದು, ಮನೆಯವರು ಇರುವ ಮನೆ. ಈಗ ಅನೇಕ ಕಡೆ ಮಾಲೀಕರು ಬೆಂಗಳೂರಿನಲ್ಲಿರುತ್ತಾರೆ. ಬಂಗಲೆ ಹನ್ನೊಂದು ತಿಂಗಳ ಕರಾರಿನ ಮೇಲೆ ಯಾರೋ ನಡೆಸುವವರ ಕೈಗೆ ಹೋಗಿರುತ್ತದೆ. ಬುಕಿಂಗ್ ಫೋನಿನಲ್ಲಿ, ಹಣ ಯುಪಿಐನಲ್ಲಿ, ಬೀಗದ ಕೈ ತೋಟದ ರೈಟರ್ ಹತ್ತಿರ. ರಿಜಿಸ್ಟರಿನಲ್ಲಿ ಒಬ್ಬನ ಹೆಸರು, ಒಂದು ಆಧಾರ್ ಜೆರಾಕ್ಸ್, ಪಕ್ಕದಲ್ಲಿ ‘ಒಟ್ಟು 14 ಜನ’. ಕಾಫಿ ಒಣಗಿಸುವ ಕಣದಲ್ಲಿ ಆಳೆತ್ತರದ ಸ್ಪೀಕರುಗಳು ಬಂದು ಇಳಿಯುವಾಗ ರೈಟರ್‌ಗೆ ಎಲ್ಲ ಅರ್ಥವಾಗುತ್ತದೆ. ಕೇಳುವ ಅಧಿಕಾರ ಅವನಿಗಿಲ್ಲ, ಕೇಳುವ ಅಧಿಕಾರ ಇರುವವರು ಅಲ್ಲಿಲ್ಲ. ನಾಳೆ ಕೇಸಾದರೆ ಮೂವರೂ ಒಬ್ಬೊಬ್ಬರ ಕಡೆ ಬೊಟ್ಟು ಮಾಡಿ ‘ನನಗೇನೂ ಗೊತ್ತಿರಲಿಲ್ಲ’ ಎನ್ನಬಹುದು. ಇದು ತಿಳಿಯದೆ ಉಳಿದದ್ದಲ್ಲ, ತಿಳಿಯದಂತೆ ಏರ್ಪಾಡು ಮಾಡಿಕೊಂಡದ್ದು. ಇಂಥ ಏರ್ಪಾಡನ್ನೂ ನ್ಯಾಯಾಲಯಗಳು ಅರಿವಿನ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ.

ಇನ್ನೊಂದು ಬಗೆಯ ಮಾಲೀಕ ಸಕಲೇಶಪುರ ಪೇಟೆಯಲ್ಲಿ ಸಿಗುತ್ತಾನೆ. ಮಹಡಿಯ ಮೇಲಿನ ಕೋಣೆಯನ್ನು ಇಬ್ಬರು ಹುಡುಗರಿಗೆ ಕೊಟ್ಟಿದ್ದಾನೆ. ರಾತ್ರಿ ಬೈಕುಗಳು ಬಂದು ಹೋಗುತ್ತವೆ, ಕಿಟಕಿಯಿಂದ ಘಾಟು ವಾಸನೆ. ಹುಡುಗರು ಇಲ್ಲದಾಗ ಇನ್ನೊಂದು ಕೀಲಿಯಿಂದ ಬಾಗಿಲು ತೆಗೆದು ಹಾಸಿಗೆ ಮಗುಚಿ ನೋಡುತ್ತಾನೆ, ಅಥವಾ ತನ್ನದೇ ಬೀಗ ಜಡಿದು ಸಾಮಾನು ಬೀದಿಗಿಡುತ್ತಾನೆ. ಊರಿಗೆ ಇದು ಸರಿ ಎನಿಸುತ್ತದೆ. ಕಾನೂನಿಗೆ ಅಲ್ಲ. ಹೋಂಸ್ಟೇಗೆ ಬಂದವನು ಮರುದಿನ ಹೋಗುವ ಅತಿಥಿ, ಅವನಿಗೆ ಹೊರಡಿ ಎನ್ನಬಹುದು. ಬಾಡಿಗೆದಾರನಿಗೆ ಇರುವುದು ಸ್ವಾಧೀನ. 1882ರ ಆಸ್ತಿ ವರ್ಗಾವಣೆ ಕಾಯ್ದೆಯಂತೆ ಕಟ್ಟಡದ ಸ್ಥಿತಿ ನೋಡಲು ಮಾಲೀಕ ಸೂಕ್ತ ಹೊತ್ತಿನಲ್ಲಿ ಒಳಗೆ ಹೋಗಬಹುದು, ಬಾಡಿಗೆದಾರನ ಪೆಟ್ಟಿಗೆ ತಡಕುವಂತಿಲ್ಲ. ಕೋರ್ಟಿನ ದಾರಿ ಬಿಟ್ಟು ಹೊರಹಾಕಿದರೆ, ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನ ಮರಳಿ ಪಡೆಯುವ ಅವಕಾಶವನ್ನು 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಬಾಡಿಗೆದಾರನಿಗೆ ಕೊಟ್ಟಿದೆ. ಇನ್ನು, ಸಿಕ್ಕ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಠಾಣೆಗೆ ಹೊರಟ ಮಾಲೀಕನನ್ನು ದಾರಿಯಲ್ಲಿ ಯಾರಾದರೂ ತಡೆದರೆ, ಅದು ಯಾರದ್ದೆಂದು ವಿವರಿಸುವ ಪಾಡು ಅವನದೇ.

ಹಾಗಾದರೆ ಖಾಲಿ ಮಾಡಿಸುವುದು ಹೇಗೆ? ತಿಂಗಳ ಬಾಡಿಗೆಯಾದರೆ ಹದಿನೈದು ದಿನಗಳ ನೋಟಿಸು ಸಾಕು, ಡ್ರಗ್ಸ್ ಸಾಬೀತು ಮಾಡುವ ಗೋಜೇ ಬೇಡ. ನೋಟಿಸಿಗೂ ಜಗ್ಗದಿದ್ದರೆ ಕೋರ್ಟು. ಅವಧಿಯ ಕರಾರಿದ್ದರೆ ತೊಡಕು ಬೇರೆ. ನಮ್ಮ ಸ್ಟಾಂಪು ಪೇಪರಿನ ಕರಾರುಗಳಲ್ಲೆಲ್ಲ ‘ಕಾನೂನುಬಾಹಿರ ಚಟುವಟಿಕೆ ನಡೆಸತಕ್ಕದ್ದಲ್ಲ’ ಎಂಬ ಸಾಲಿರುತ್ತದೆ. ಅದನ್ನು ಮೀರಿದರೆ ಮಾಲೀಕ ಮನೆಯನ್ನು ವಾಪಸು ಪಡೆಯಬಹುದು ಎಂಬ ಮುಂದಿನ ಸಾಲು ಬಹಳಷ್ಟು ಕಡೆ ಇರುವುದಿಲ್ಲ. ಆಸ್ತಿ ವರ್ಗಾವಣೆ ಕಾಯ್ದೆಯ 111ನೇ ಸೆಕ್ಷನ್ ಕೇಳುವುದೇ ಆ ಸಾಲನ್ನು. ಟೈಪಿಂಗ್ ಅಂಗಡಿಯ ಹಳೇ ನಮೂನೆಯನ್ನೇ ತಿದ್ದಿ ತಿದ್ದಿ ಬಳಸುವ ಅಭ್ಯಾಸದ ಫಲ ಇದು.

ತೋಟದ ಲೈನ್ ಮನೆಗಳಲ್ಲಿರುವ ಕಾರ್ಮಿಕರಿಗೆ ಕರಾರೂ ಇಲ್ಲ, ನೋಟಿಸೂ ಇಲ್ಲ. ಅಸ್ಸಾಂನಿಂದ ಬಂದವರು ಎಂದರೆ ಸಾಕು, ಗಾಂಜಾ ಇದ್ದೀತು ಎಂದು ಅವರು ಕಾಫಿ ಕೊಯ್ಲಿಗೆ ಹೋದಾಗ ಮನೆ ಜಾಲಾಡುವುದು ಯಾರಿಗೂ ತಪ್ಪೆನಿಸುವುದಿಲ್ಲ. ಅದೇ ತೋಟದ ಬಂಗಲೆಯಲ್ಲಿ ವೀಕೆಂಡಿಗೆ ಬಂದವರ ಕೋಣೆಯ ಬಾಗಿಲು ತಟ್ಟುವುದಕ್ಕೂ ಮ್ಯಾನೇಜರ್ ಹಿಂದೇಟು ಹಾಕುತ್ತಾನೆ. ನಮ್ಮ ಅನುಮಾನಕ್ಕೂ ಬಾಡಿಗೆಯ ದರ ಗೊತ್ತು. ಹಾಗೆ ನೋಡಿದರೆ ಎನ್‌ಡಿಪಿಎಸ್ ಕಾಯ್ದೆ ಬೆಳೆಗಾರನ ಮೇಲೆ ನೇರ ಕರ್ತವ್ಯವೊಂದನ್ನು ಹೊರಿಸಿರುವುದು ಬೇರೆ ಕಡೆ: 46ನೇ ಸೆಕ್ಷನ್ ಪ್ರಕಾರ ತನ್ನ ಜಮೀನಿನಲ್ಲಿ ಗಾಂಜಾ ಗಿಡ ಅಕ್ರಮವಾಗಿ ಬೆಳೆದಿದ್ದರೆ ಕೂಡಲೇ ತಿಳಿಸಬೇಕು. ಗೊತ್ತಿದ್ದೂ ಸುಮ್ಮನಿದ್ದರೆ ಶಿಕ್ಷೆ.

ಅನುಮಾನ ಗುಂಪಿನ ಕೈಗೆ ಹೋದರೆ ಏನಾಗುತ್ತದೆ ಎಂಬುದನ್ನು ಶಿರಾಡಿ ಘಾಟಿಯ ಕೆಳಗೇ ನೋಡಿದ್ದೇವೆ. 2012ರ ಜುಲೈ 28ರಂದು ಮಂಗಳೂರಿನ ಪಡೀಲಿನ ಹೋಂಸ್ಟೇಗೆ ನುಗ್ಗಿದವರು ಹುಟ್ಟುಹಬ್ಬಕ್ಕೆ ಸೇರಿದ್ದ ಯುವಕ ಯುವತಿಯರನ್ನು ಥಳಿಸಿದರು. ಅಲ್ಲಿ ರೇವ್ ಪಾರ್ಟಿ ನಡೆಯುತ್ತಿತ್ತು ಎಂಬುದು ಅವರ ಸಮರ್ಥನೆಯಾಗಿತ್ತು. ಹನ್ನೆರಡು ವರ್ಷಗಳ ಬಳಿಕ, 2024ರಲ್ಲಿ, ಆರೋಪಿಗಳು ಖುಲಾಸೆಯಾದರು.

ಶೋಧ ಪೊಲೀಸರ ಕೆಲಸ, ಅವರಿಗೂ ಕಟ್ಟುಪಾಡಿದೆ. 42ನೇ ಸೆಕ್ಷನ್ನಿನಡಿ ಬಂದ ಮಾಹಿತಿಯನ್ನು ಬರೆದಿಟ್ಟು 72 ಗಂಟೆಯೊಳಗೆ ಮೇಲಧಿಕಾರಿಗೆ ಕಳಿಸಬೇಕು. ಸೂರ್ಯಾಸ್ತದ ನಂತರ ವಾರಂಟ್ ಇಲ್ಲದೆ ಒಳಹೋಗುವುದಾದರೆ ಕಾರಣ ದಾಖಲಿಸಬೇಕು. ಹಗೆ ತೀರಿಸಿಕೊಳ್ಳಲು ಸುಳ್ಳು ಮಾಹಿತಿ ಕೊಟ್ಟು ಯಾರದೋ ಮನೆ ಶೋಧ ಮಾಡಿಸಿದವನಿಗೆ 58ನೇ ಸೆಕ್ಷನ್ ಎರಡು ವರ್ಷದವರೆಗೆ ಜೈಲು ಇಟ್ಟಿದೆ. ಬಾಡಿಗೆ ಜಗಳವನ್ನು ಡ್ರಗ್ಸ್ ದೂರಾಗಿ ಬದಲಿಸುವ ಮಾಲೀಕರು ಇದನ್ನು ಓದಿಕೊಳ್ಳುವುದು ಒಳ್ಳೆಯದು.

ನಿಜವಾಗಿ ಅನುಮಾನ ಬಂದವನು 112ಕ್ಕೋ ಮಾದಕವಸ್ತು ಸಹಾಯವಾಣಿ 1933ಕ್ಕೋ ಕರೆ ಮಾಡಬಹುದು. ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆದರೆ ಇನ್ನೂ ಗಟ್ಟಿ, 25ನೇ ಸೆಕ್ಷನ್ ಎದುರು ಅವನಿಗಿರುವ ಒಳ್ಳೆಯ ಆಸರೆ ಆ ಕಾಗದವೇ. ಆದರೂ ಜನ ಹಿಂಜರಿಯುತ್ತಾರೆ. ದೂರು ಕೊಟ್ಟವನ ತೋಟದಲ್ಲೇ ಮಹಜರು, ಅವನೇ ಸಾಕ್ಷಿ, ಆಮೇಲೆ ವರ್ಷಗಟ್ಟಲೆ ಕೋರ್ಟಿಗೆ ಅಲೆದಾಟ, ಸಾಲದ್ದಕ್ಕೆ ಹೋಂಸ್ಟೇ ಹೆಸರು ಟಿವಿಯಲ್ಲಿ. ತಾನಾಗಿ ಬಂದು ತಿಳಿಸಿದ ಮಾಲೀಕನನ್ನು ಮೊದಲ ಆರೋಪಿಯಂತೆ ಕಾಣುವುದಿಲ್ಲ ಎಂಬ ಭರವಸೆಯನ್ನು ಜಿಲ್ಲಾ ಪೊಲೀಸರು ಬಹಿರಂಗವಾಗಿ ಕೊಡಬೇಕು. ಪ್ರವಾಸೋದ್ಯಮ ಇಲಾಖೆಯೂ ಹೋಂಸ್ಟೇ ನೋಂದಣಿ ನವೀಕರಿಸುವಾಗ ಕೋಣೆ, ಶೌಚಾಲಯ ಎಣಿಸಿದರೆ ಸಾಲದು. ರಾತ್ರಿ ಅಲ್ಲೇ ಇರುವ ಹೊಣೆಗಾರ ಯಾರು, ಜಾಗ ಬೇರೆಯವರಿಗೆ ಲೀಸ್ ಆಗಿದೆಯೇ ಎಂದು ಕೇಳಿ ಬರೆದುಕೊಳ್ಳಬೇಕು, ಅದರ ಪ್ರತಿ ಆಲೂರು, ಸಕಲೇಶಪುರ ಠಾಣೆಗಳಲ್ಲಿರಬೇಕು.