ಸಿನಿಯರ್ ಆಗಿದ್ದರೆ ಪ್ರಮೋಷನ್ ಸಿಗಲೇಬೇಕೇ? ಕಾನೂನು ಹೇಳುವುದೇನು?

"ನಂದು ಇಪ್ಪತ್ತು ವರ್ಷ ಸರ್ವಿಸ್ ಆಗ್ಯಾದ, ಮೊನ್ನೆ ಬಂದವನಿಗಿ ಪ್ರಮೋಷನ್ ಕೊಟ್ಟಾರ." ಇಂಥ ಮಾತನ್ನು ನೀವೂ ಕೇಳಿರಬಹುದು, ಇಲ್ಲವೇ ಆಡಿರಬಹುದು. ಕಲಬುರಗಿ ಜಿಲ್ಲೆಯ ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಭಾಗದಲ್ಲಿ ಸುಣ್ಣದ ಕಲ್ಲು ಹೇರಳ. ಹಾಗಾಗಿ ಇಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ವಾಡಿಯಲ್ಲಿ ರೈಲ್ವೆ ಜಂಕ್ಷನ್ ಇದೆ. ಎಲ್ಲ ಕಡೆ ಸರ್ಕಾರಿ ಶಾಲೆ, ಕಚೇರಿಗಳಿವೆ. ಒಂದೇ ಓಣಿಯಲ್ಲಿ ಕಾರ್ಖಾನೆಯ ಫಿಟ್ಟರ್, ರೈಲ್ವೆ ನೌಕರ, ಶಾಲೆಯ ಶಿಕ್ಷಕಿ ಮೂವರೂ ಇರಬಹುದು. ಮೂವರ ದೂರು ಒಂದೇ ಆದರೂ ಕಾನೂನಿನ ದಾರಿ ಒಂದೇ ಅಲ್ಲ. ಈ ಬಗ್ಗೆ ಇರುವ ಕೆಲವು ತಪ್ಪು ತಿಳಿವಳಿಕೆಗಳನ್ನು ನೋಡೋಣ.

ತಪ್ಪು ತಿಳಿವಳಿಕೆ 1: ಪ್ರಮೋಷನ್ ನೌಕರನ ಹಕ್ಕು

ಪೂರ್ತಿ ನಿಜವಲ್ಲ. ಅರ್ಹರಾದವರನ್ನು ಬಡ್ತಿಗೆ ನ್ಯಾಯವಾಗಿ ಪರಿಗಣಿಸಬೇಕು ಎಂಬುದು ಹಕ್ಕು. ಬಡ್ತಿ ಸಿಗಲೇಬೇಕು ಎಂಬುದು ಹಕ್ಕಲ್ಲ. ಸಂವಿಧಾನದ 16ನೇ ವಿಧಿಯಡಿ ಇದು ಸರ್ಕಾರಿ ನೌಕರರ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 1999ರ ಅಜಿತ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟವಾಗಿ ಹೇಳಿದೆ. ನಿಮ್ಮ ಹೆಸರನ್ನು ನೋಡದೆಯೇ ಬಿಟ್ಟರೆ ಅದು ಅನ್ಯಾಯ. ನೋಡಿ, ನಿಯಮದಂತೆ ಅಳೆದು ಬೇರೆಯವರನ್ನು ಆರಿಸಿದರೆ ಅದು ಅನ್ಯಾಯವಲ್ಲ.

ತಪ್ಪು ತಿಳಿವಳಿಕೆ 2: ಸಿನಿಯಾರಿಟಿ ಒಂದಿದ್ದರೆ ಸಾಕು

ಅದು ಆ ಹುದ್ದೆಯ ನಿಯಮದ ಮೇಲಿದೆ. 'ಜ್ಯೇಷ್ಠತೆ ಮತ್ತು ಅರ್ಹತೆ' ಎಂಬ ನಿಯಮವಿದ್ದರೆ, ಕೆಲಸಕ್ಕೆ ಬೇಕಾದ ಕನಿಷ್ಠ ಅರ್ಹತೆ ಇರುವವರಲ್ಲಿ ಹಿರಿಯರಿಗೇ ಮೊದಲ ಅವಕಾಶ. ಕಿರಿಯರಿಗೆ ನಾಲ್ಕು ಅಂಕ ಹೆಚ್ಚು ಬಂದಿದೆ ಎಂದು ಹಿರಿಯರನ್ನು ದಾಟುವಂತಿಲ್ಲ. ಅರ್ಹತೆಯೇ ಮುಖ್ಯ ಎಂಬ ನಿಯಮವಿದ್ದರೆ ಲೆಕ್ಕ ತಿರುಗುತ್ತದೆ: ಅರ್ಹತೆ ಸಮನಾದಾಗ ಮಾತ್ರ ಸಿನಿಯಾರಿಟಿ ನೋಡುತ್ತಾರೆ.

ಸರ್ಕಾರಿ ನೌಕರರು ಇನ್ನೆರಡು ವಿಷಯ ತಿಳಿದಿರಬೇಕು. ವಾರ್ಷಿಕ ಕಾರ್ಯನಿರ್ವಹಣಾ ವರದಿಯಲ್ಲಿ ಮೇಲಧಿಕಾರಿ ಬರೆದದ್ದನ್ನು, ಅದು ಒಳ್ಳೆಯದಿರಲಿ ಕೆಟ್ಟದ್ದಿರಲಿ, ನೌಕರರಿಗೆ ತಿಳಿಸಬೇಕು ಎಂದು 2008ರ ದೇವ್ ದತ್ ಪ್ರಕರಣದಲ್ಲಿ ತೀರ್ಪಾಗಿದೆ. 'ವಿಚಾರಣೆ ನಡೆದಿದೆ' ಎಂಬ ಬಾಯಿಮಾತಿನ ಮೇಲೆ ಬಡ್ತಿ ತಡೆಹಿಡಿಯುವಂತಿಲ್ಲ. ಆರೋಪಪಟ್ಟಿ ಕೊಟ್ಟಿರಬೇಕು ಎಂದು 1991ರ ಜಾನಕಿರಾಮನ್ ತೀರ್ಪು ಹೇಳುತ್ತದೆ.

ಈ ಐದೂ ಊರುಗಳಿಗೆ ಅನ್ವಯಿಸುವ ಮತ್ತೊಂದು ವಿಷಯ 371ಜೆ. ಕಲ್ಯಾಣ ಕರ್ನಾಟಕದವರಿಗೆ ಮೀಸಲಿಟ್ಟ ಹುದ್ದೆಗಳು ಹೊಸ ನೇಮಕಾತಿಗೆ ಮಾತ್ರ ಎಂದು ಹಲವರು ತಿಳಿದಿದ್ದಾರೆ. ಆದರೆ ಆ ವಿಧಿಯಲ್ಲಿ ನೇರ ನೇಮಕಾತಿಯ ಜೊತೆಗೆ ಬಡ್ತಿಯ ಹೆಸರೂ ಇದೆ.

ತಪ್ಪು ತಿಳಿವಳಿಕೆ 3: ಖಾಸಗಿ ಕಾರ್ಖಾನೆಯಲ್ಲಿ ಮಾಲೀಕರು ಹೇಳಿದ್ದೇ ಕಾನೂನು

16ನೇ ವಿಧಿ ಖಾಸಗಿ ಕಂಪನಿಗೆ ಅನ್ವಯಿಸುವುದಿಲ್ಲ, ನಿಜ. ಹಾಗೆಂದು ಅಲ್ಲಿ ಕಾನೂನೇ ಇಲ್ಲವೆಂದಲ್ಲ. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿ 'ಅನುಚಿತ ಕಾರ್ಮಿಕ ಪದ್ಧತಿ'ಗಳ ಪಟ್ಟಿಯಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಅದು ಉಳಿದಿದೆ. ಯೂನಿಯನ್ ಕೆಲಸ ಮಾಡಿದ್ದಕ್ಕೆ ಬಡ್ತಿ ನಿರಾಕರಿಸುವುದು, ಅದೇ ಕಾರಣಕ್ಕೆ ಸಿನಿಯಾರಿಟಿ ಬದಲಿಸುವುದು, ಕಾರ್ಮಿಕರ ನಡುವೆ ಒಡಕು ತರಲು ಕೆಲವರಿಗೆ ಅರ್ಹತೆಯಿಲ್ಲದೆ ಬಡ್ತಿ ಕೊಡುವುದು, ಈ ಮೂರೂ ಆ ಪಟ್ಟಿಯಲ್ಲಿವೆ. ಕಾಯಂ ಸೌಲಭ್ಯ ತಪ್ಪಿಸಲೆಂದೇ ವರ್ಷಗಟ್ಟಲೆ ಬದಲಿ ಅಥವಾ ತಾತ್ಕಾಲಿಕ ಕಾರ್ಮಿಕರಾಗಿ ಇಟ್ಟುಕೊಳ್ಳುವುದೂ ಇದೆ.

ಕಂಪನಿ ಮತ್ತು ಯೂನಿಯನ್ ಮಾಡಿಕೊಂಡ ಒಪ್ಪಂದದಲ್ಲಿ ಬಡ್ತಿಯ ನಿಯಮವಿದ್ದರೆ ಕಂಪನಿ ಅದನ್ನು ಪಾಲಿಸಬೇಕು. ಅದರ ಪ್ರತಿಯನ್ನು ಓದಿ ಇಟ್ಟುಕೊಳ್ಳಿ.

ತಪ್ಪು ತಿಳಿವಳಿಕೆ 4: ಬಡ್ತಿ ಸಿಕ್ಕರೆ ಲಾಭವೇ ಹೊರತು ನಷ್ಟವಿಲ್ಲ

ಇಲ್ಲಿ ಎಚ್ಚರ ಬೇಕು. ಮ್ಯಾನೇಜರ್ ಕೆಲಸ ಮಾಡುವವರು, ಹಾಗೂ ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ವೇತನ ಪಡೆಯುವ ಸೂಪರ್‌ವೈಸರ್‌ಗಳು ಸಂಹಿತೆಯ ಪ್ರಕಾರ 'ಕಾರ್ಮಿಕ' ಅಲ್ಲ. ಮೇಲೆ ಹೇಳಿದ ರಕ್ಷಣೆಯಿಂದ ಅವರು ಹೊರಗುಳಿಯಬಹುದು. ಆದರೆ ಹುದ್ದೆಯ ಹೆಸರೊಂದೇ ಮುಖ್ಯವಲ್ಲ. 'ಆಫೀಸರ್' ಎಂದು ಬೋರ್ಡು ಹಾಕಿಸಿ ಮೊದಲಿನ ಕೆಲಸವನ್ನೇ ಮಾಡಿಸುತ್ತಿದ್ದರೆ, ನ್ಯಾಯಾಲಯ ನೋಡುವುದು ಮಾಡುವ ಕೆಲಸವನ್ನು.

ಹೆಣ್ಣೆಂದು, ಅಂಗವಿಕಲರೆಂದು ಬಡ್ತಿ ತಪ್ಪಿಸಬಹುದೇ?

ಇಲ್ಲ. ಕೊಡಗಿನ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದರು. ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮ ಆಗ ಮಹಿಳಾ ಅಧಿಕಾರಿಗಳಿಗೆ ಇತ್ತು. ಹೆಣ್ಣೆಂಬ ಕಾರಣಕ್ಕೆ ತಮಗೆ ಬಡ್ತಿ ತಪ್ಪಿತು ಎಂದು ಅವರು ಸುಪ್ರೀಂ ಕೋರ್ಟಿಗೆ ಹೋದರು. ಪ್ರಕರಣ ನಡೆಯುತ್ತಿರುವಾಗಲೇ ಬಡ್ತಿ ಬಂತು. ಆದರೂ 1979ರ ತೀರ್ಪಿನಲ್ಲಿ ನ್ಯಾಯಾಲಯ ಇಂಥ ನಿಯಮಗಳನ್ನು ಕಟುವಾಗಿ ಟೀಕಿಸಿತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಕಲಂ ಪ್ರಕಾರ ಸರ್ಕಾರಿ ಸಂಸ್ಥೆಗಳು ಅಂಗವೈಕಲ್ಯದ ಕಾರಣಕ್ಕೆ ಬಡ್ತಿ ನಿರಾಕರಿಸುವಂತಿಲ್ಲ. ಅಂಗವಿಕಲರಿಗೆ ಬಡ್ತಿಯಲ್ಲೂ ಮೀಸಲಾತಿ ಸಲ್ಲುತ್ತದೆ ಎಂಬ ನಿಲುವನ್ನು ಸುಪ್ರೀಂ ಕೋರ್ಟ್ 2020ರಲ್ಲಿ ನಮ್ಮ ರಾಜ್ಯದ್ದೇ ಆದ ಸಿದ್ದರಾಜು ಪ್ರಕರಣದಲ್ಲಿ ಎತ್ತಿಹಿಡಿಯಿತು.

ಹಾಗಾದರೆ ಎಲ್ಲಿ ಕೇಳಬೇಕು?

ರಾಜ್ಯ ಸರ್ಕಾರಿ ನೌಕರರು: ಮೊದಲು ಇಲಾಖೆಗೆ ಲಿಖಿತ ಮನವಿ. ನಂತರ ಕರ್ನಾಟಕ ರಾಜ್ಯ ಆಡಳಿತ ನ್ಯಾಯಮಂಡಳಿ. ಇದರ ಪೀಠ ಕಲಬುರಗಿಯಲ್ಲೇ ಇದೆ.

ರೈಲ್ವೆ ನೌಕರರು: ಇಲಾಖೆಯ ಮನವಿಯ ನಂತರ ಕೇಂದ್ರ ಆಡಳಿತ ನ್ಯಾಯಮಂಡಳಿ.

ಇವೆರಡಕ್ಕೂ ಅಂತಿಮ ಆದೇಶದಿಂದ ಒಂದು ವರ್ಷದ ಗಡುವಿದೆ. ಮನವಿಗೆ ಆರು ತಿಂಗಳು ಉತ್ತರ ಬಾರದಿದ್ದರೆ, ಅಲ್ಲಿಂದ ಒಂದು ವರ್ಷ.

ಕಾರ್ಖಾನೆ ಕಾರ್ಮಿಕರು: 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಸಮಿತಿ ಇರಬೇಕು. ಒಂದು ವರ್ಷದೊಳಗೆ ಅರ್ಜಿ ಕೊಡಬೇಕು, ಸಮಿತಿ 30 ದಿನದಲ್ಲಿ ಮುಗಿಸಬೇಕು. ಒಪ್ಪಿಗೆಯಾಗದಿದ್ದರೆ 60 ದಿನದೊಳಗೆ ಯೂನಿಯನ್ ಮೂಲಕ ಸಂಧಾನ ಅಧಿಕಾರಿಯ ಬಳಿ ಹೋಗಬೇಕು. ಕೆಲಸದಿಂದ ತೆಗೆದರೆ ಕಾರ್ಮಿಕ ಒಬ್ಬನೇ ವಿವಾದ ಹೂಡಬಹುದು. ಬಡ್ತಿಯ ವಿವಾದಕ್ಕೆ ಜೊತೆಗಾರರ ಬೆಂಬಲ ಬೇಕು.

ಆದ್ದರಿಂದ 'ನನಗ್ಯಾಕೆ ಕೊಡಲಿಲ್ಲ' ಎಂದು ಕೇಳುವ ಮೊದಲು 'ನಿಯಮ ಏನಿದೆ, ಅದರಂತೆ ನನ್ನನ್ನು ನೋಡಿದಿರಾ' ಎಂದು ಬರವಣಿಗೆಯಲ್ಲಿ ಕೇಳಿ. ಸ್ವೀಕೃತಿ ಪಡೆದು, ಅದರ ಮೇಲೆ ತಾರೀಖು ಹಾಕಿಸಿಕೊಳ್ಳಿ. ಗಡುವಿನ ಲೆಕ್ಕ ಬಂದಾಗ ಆ ಕಾಗದ ಬೇಕಾಗುತ್ತದೆ.